ಯಂತ್ರಗಳ ಗುಣಪತ್ರ

1904ನೆಯ ಇಸವಿ ಫೆಬ್ರವರಿ 7ರ ಭಾನುವಾರ ಅಮೆರಿಕದ ಬಾಲ್ಟಿಮೋರ್ ನಗರದ ವ್ಯಾಪಾರದ ಬೀದಿಗಳಲ್ಲಿ ಬೆಂಕಿ ಹೊತ್ತಿಕೊಂಡಿತು. ಊರಿನ ಅಗ್ನಿಶಾಮಕ ದಳಕ್ಕೆ ಅದು ಅಡಗಲಿಲ್ಲ. ಸುದ್ದಿ ಮುಟ್ಟಿದೊಡನೆ ವಾಷಿಂಗ್ಟನ್ ಮೊದಲಾದ ನಗರಗಳಿಂದ ಬೆಂಕಿ ನಂದಿಸುವ ಯಂತ್ರಗಳೂ ನುರಿತ ಜನರೂ ರೈಲಿನಲ್ಲಿ ಬಂದಿಳಿದರು. ಯಂತ್ರಗಳು ಒಳ್ಳೆಯವೇ, ಜನರು ಧೈರ್ಯಶಾಲಿಗಳೇ, ಬೀದಿಯ ನಲ್ಲಿಗಳಲ್ಲಿ ನೀರೂ ಇತ್ತು. ಆದರೆ ಹೊರಗಿನಿಂದ ಬಂದ ಎಷ್ಟೋ ಕೊಳವೆಗಳ ತುದಿಯ ತಿರುಪು ಬಾಲ್ಟಿಮೋರಿನ ನಲ್ಲಿಗಳ ತಿರುಪಿಗೆ ಹೊಂದಲಿಲ್ಲ. ಒಂದೊಂದು ನಗರವೂ ತನಗೆ ತೋರಿದ ಅಳತೆಯನ್ನು ಇಟ್ಟುಕೊಂಡಿದ್ದುದೇ ಇದಕ್ಕೆ ಕಾರಣ. ಬೆಂಕಿ ಆರುವ ವೇಳೆಗೆ 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟು ಬೂದಿಯಾಗಿದ್ದುವು. ಕೊಳವೆಯ ತುದಿಗಳಿಗೆ ದೇಶಕ್ಕೆಲ್ಲ ಒಂದೇ ಅಳತೆ ಇರತಕ್ಕದ್ದೆಂಬ ನಿಯಮ ರೂಪುಗೊಂಡುದು ಅದರ ಮರುವರ್ಷ.

ತಿರುಪು ಹೊಂದದಿದ್ದರೆ ನೀರು ಹರಿಯುವುದಿಲ್ಲ; ತಪ್ಪು ಆ ಕ್ಷಣದಲ್ಲಿಯೇ ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಾಣದೆ, ಸದ್ದಿಲ್ಲದೆ, ವರ್ಷಗಟ್ಟಲೆ ನಷ್ಟವನ್ನು ಉಂಟುಮಾಡುವ ಹೊಂದಾಣಿಕೆಯ ದೋಷಗಳೂ ಉಂಟು. ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಯಂತ್ರಗಳ ಗುಣವನ್ನು ಅಂಕಿಗಳಲ್ಲಿ ಬರೆದಿಡುವ ಕ್ರಮದಲ್ಲಿ ಅಂತಹ ಒಂದು ದೋಷ ಬಹುಕಾಲದಿಂದ ಉಳಿದುಬಂದಿತ್ತು. ಅದೇನೆಂಬುದನ್ನೂ ಅದನ್ನು ಸರಿಪಡಿಸಲು ನಡೆದಿರುವ ಪ್ರಯತ್ನವನ್ನೂ ಇಲ್ಲಿ ವಿವರಿಸಲಾಗಿದೆ.

ಕಾಗದದ ಮೇಲಿನ ಕಟ್ಟಡ

ಆಸ್ಪತ್ರೆ, ಕಚೇರಿ, ಹೋಟೆಲುಗಳಂತಹ ದೊಡ್ಡ ಕಟ್ಟಡವೊಂದನ್ನು ಕಟ್ಟುವ ಮೊದಲು, ಅದು ವರ್ಷಕ್ಕೆ ಎಷ್ಟು ವಿದ್ಯುತ್ತನ್ನು ತಿನ್ನಬಹುದೆಂದು ಲೆಕ್ಕಹಾಕುವ ಪರಿಪಾಠ ಈಗ ಬೆಳೆದಿದೆ. ಗೋಡೆ, ಕಿಟಕಿ, ಛಾವಣಿಗಳ ಮೂಲಕ ಒಳಬರುವ ಶಾಖ, ದೀಪಗಳ ಶಾಖ, ಒಳಗಿರುವ ಜನರ ಮೈಶಾಖ, ಹೊರಗಿನ ಗಾಳಿಯ ತೇವ ಇವೆಲ್ಲವನ್ನೂ ಗಂಟೆಗಂಟೆಗೂ ಕೂಡಿಸಿ ಕಳೆಯಬೇಕು. ವರ್ಷಕ್ಕೆ 8,760 ಗಂಟೆಗಳು. ಇಷ್ಟೊಂದು ಲೆಕ್ಕವನ್ನು ಕೈಯಿಂದ ಮಾಡಿ ಮುಗಿಸುವುದು ಮನುಷ್ಯಸಾಧ್ಯವಲ್ಲ. ಗಣಕಯಂತ್ರಗಳು ಬಂದಮೇಲೆಯೇ ಇದು ಸಾಧ್ಯವಾಯಿತು. 1973ರಲ್ಲಿ ಪೆಟ್ರೋಲಿಯಂ ಅಭಾವ ತಲೆದೋರಿದಾಗ ಈ ವಿದ್ಯೆಗೆ ವಿಶೇಷ ಪ್ರೋತ್ಸಾಹ ದೊರೆಯಿತು. ಆ ದಶಕದಲ್ಲಿ ಅಮೆರಿಕದಲ್ಲಿ ಬ್ಲಾಸ್ಟ್, ಡಿಒಇ-2 ಎಂಬ ಎರಡು ಪ್ರಸಿದ್ಧ ಲೆಕ್ಕವಿಧಾನಗಳು ಹುಟ್ಟಿಕೊಂಡುವು. ಅವೆರಡರ ಸಾರವನ್ನೂ ಹೀರಿಕೊಂಡು 2001ರಲ್ಲಿ ಹೊರಬಂದ ಎನರ್ಜಿಪ್ಲಸ್ ಎಂಬುದು ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿಯೂ 2007ರಲ್ಲಿ ಪ್ರಕಟವಾಗಿ 2017ರಲ್ಲಿ ಪರಿಷ್ಕೃತವಾದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು, ಕಟ್ಟಡವು ನಿಯಮಕ್ಕೆ ಒಳಪಟ್ಟಿದೆಯೆಂದು ಇಂತಹ ಲೆಕ್ಕದ ಮೂಲಕ ತೋರಿಸಿಕೊಡಲು ಅವಕಾಶವನ್ನು ಕಲ್ಪಿಸಿತು.

ಲೆಕ್ಕಕ್ಕೆ ಬೇಕಾದ ಸಾಮಗ್ರಿ ಮುಖ್ಯವಾಗಿ ಮೂರು ಬಗೆಯದು: ಊರಿನ ಹವೆ, ಕಟ್ಟಡದ ರಚನೆ, ಅದರೊಳಗಿನ ಯಂತ್ರಗಳ ನಡತೆ. ಇವುಗಳಲ್ಲಿ ಹವೆಯ ಅಂಕಿಗಳಿಗೆ ಒಂದು ಸರ್ವಸಮ್ಮತ ರೂಪ ಎಂದೋ ಏರ್ಪಟ್ಟಿತು. ಅನೇಕ ವರ್ಷಗಳ ದಾಖಲೆಯಿಂದ ಆಯ್ದು ಹೊಂದಿಸಿದ ‘ಪ್ರಾತಿನಿಧಿಕ ವರ್ಷ’ವೊಂದನ್ನು ಗಂಟೆಗಂಟೆಯ ಸಾಲುಗಳಲ್ಲಿ ಬರೆದಿಟ್ಟರೆ ಯಾವ ಲೆಕ್ಕವಿಧಾನವಾದರೂ ಅದನ್ನು ಓದಿಕೊಳ್ಳುತ್ತದೆ. ದೀಪದಿಂದ ಬೆಳಕು ಯಾವ ದಿಕ್ಕಿಗೆ ಎಷ್ಟು ಬೀಳುತ್ತದೆಂಬುದನ್ನು ಬರೆಯುವ ನಮೂನೆಯನ್ನು ಅಮೆರಿಕದ ದೀಪನ ತಂತ್ರಜ್ಞರ ಸಂಘವು 1986ರಲ್ಲಿಯೇ ಪ್ರಕಟಿಸಿತು. ಲೆಕ್ಕವಿಧಾನಗಳನ್ನೇ ಒರೆಗೆ ಹಚ್ಚುವ ಪರೀಕ್ಷಾಕ್ರಮವೂ 2001ರಲ್ಲಿ ಮಾನಕದ ಪದವಿಯನ್ನು ಪಡೆಯಿತು. ಹಿಂದೆ ಬಿದ್ದುದು ಯಂತ್ರಗಳ ಸರದಿ. ಕಟ್ಟಡದಲ್ಲಿ ವಿದ್ಯುತ್ತನ್ನು ಹೆಚ್ಚಾಗಿ ತಿನ್ನುವವುಗಳು ಅವೇ ಎಂಬುದನ್ನು ನೆನೆದರೆ ಇದು ಆಶ್ಚರ್ಯವೆನಿಸೀತು.

ಒಂದೇ ಅಂಕದ ಅರ್ಧಸತ್ಯ

ಇದನ್ನು ತಿಳಿಯಲು ಚಿಲ್ಲರ್ ಎಂಬ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದೊಡ್ಡ ಕಟ್ಟಡಗಳ ನೆಲಮಾಳಿಗೆಯಲ್ಲಿಯೋ ಮಹಡಿಯ ಮೇಲೆಯೋ ಕುಳಿತು ನೀರನ್ನು ತಣಿಸುವ ಯಂತ್ರವಿದು. ತಣಿದ ನೀರು ಕೊಳವೆಗಳಲ್ಲಿ ಹರಿದು ಕೋಣೆಗಳ ಗಾಳಿಯನ್ನು ತಂಪುಮಾಡಿ, ತಾನು ಬೆಚ್ಚಗಾಗಿ ಹಿಂತಿರುಗುತ್ತದೆ. ಆ ಶಾಖವನ್ನು ಯಂತ್ರವು ಇನ್ನೊಂದು ನೀರಿನ ಪ್ರವಾಹಕ್ಕೆ ದಾಟಿಸುತ್ತದೆ. ಈ ಎರಡನೆಯ ನೀರು ಕೂಲಿಂಗ್ ಟವರಿಗೆ ಹೋಗಿ, ಅಲ್ಲಿ ಹನಿಹನಿಯಾಗಿ ಬಿದ್ದು, ಶಾಖವನ್ನು ಗಾಳಿಗೆ ಬಿಟ್ಟುಕೊಟ್ಟು ಮರಳುತ್ತದೆ. ತಗ್ಗಿನಿಂದ ದಿಬ್ಬಕ್ಕೆ ನೀರೆತ್ತುವ ಏತದಂತೆ, ಚಿಲ್ಲರು ಶಾಖವನ್ನು ತಂಪಾದ ಎಡೆಯಿಂದ ಬಿಸಿಯಾದ ಎಡೆಗೆ ಎತ್ತುತ್ತದೆ. ಬಾವಿ ಆಳವಾದಷ್ಟೂ ಏತ ತುಳಿಯುವವನ ಶ್ರಮ ಹೆಚ್ಚು. ಹಾಗೆಯೇ ಎರಡು ನೀರುಗಳ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಯಂತ್ರಕ್ಕೆ ವಿದ್ಯುತ್ತು ಹೆಚ್ಚು ಬೇಕು.

ಚಿಲ್ಲರಿನ ಕ್ಯಾಟಲಾಗಿನಲ್ಲಿ ಸಾಮಾನ್ಯವಾಗಿ ಅದರ ಸಾಮರ್ಥ್ಯಕ್ಕೆ ಒಂದು ಅಂಕ, ದಕ್ಷತೆಗೆ ಒಂದು ಅಂಕ ಇರುತ್ತವೆ. ಇವು ಗೊತ್ತುಮಾಡಿದ ಒಂದು ಸ್ಥಿತಿಯಲ್ಲಿ ಅಳೆದವು. ಅಮೆರಿಕದ ತಯಾರಕರ ಸಂಘದ ಮಾನಕದಂತೆ ಆ ಸ್ಥಿತಿಯಲ್ಲಿ ತಣಿದ ನೀರು 6.7 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹೊರಬರುತ್ತಿರಬೇಕು, ಕೂಲಿಂಗ್ ಟವರಿನ ನೀರು 29.4 ಡಿಗ್ರಿಯಲ್ಲಿ ಒಳಬರುತ್ತಿರಬೇಕು, ಯಂತ್ರವು ಪೂರ್ಣ ಹೊರೆಯಲ್ಲಿ ಓಡುತ್ತಿರಬೇಕು. ಯಂತ್ರಗಳನ್ನು ಒಂದಕ್ಕೊಂದು ಹೋಲಿಸಿ ಕೊಳ್ಳಲು ಇಂತಹ ಅಂಕ ಅವಶ್ಯವೇ ಸರಿ. ಆದರೆ ಕಟ್ಟಡದಲ್ಲಿ ಯಂತ್ರವು ಆ ಸ್ಥಿತಿಯಲ್ಲಿ ನಿಲ್ಲುವುದು ವಿರಳ. ಇದೇ ಸಂಘವು ಚಿಲ್ಲರಿನ ವರ್ಷದ ಸರಾಸರಿ ದಕ್ಷತೆಯನ್ನು ಕಂಡುಹಿಡಿಯಲು ಹಾಕಿಕೊಟ್ಟಿರುವ ಸೂತ್ರವನ್ನೇ ನೋಡಿದರೆ ಸಾಕು. ಅದರಲ್ಲಿ ಪೂರ್ಣ ಹೊರೆಗೆ ನೂರರಲ್ಲಿ 1 ಪಾಲು, ಮುಕ್ಕಾಲು ಹೊರೆಗೆ 42 ಪಾಲು, ಅರ್ಧ ಹೊರೆಗೆ 45 ಪಾಲು, ಕಾಲು ಹೊರೆಗೆ 12 ಪಾಲು. ನಮ್ಮ ದೇಶದಲ್ಲಿ ಮನೆಯ ಏರ್ ಕಂಡೀಷನರುಗಳಿಗೆ 2018ರಿಂದ ಕಡ್ಡಾಯವಾದ ಋತುಮಾನದ ದಕ್ಷತೆಯ ಅಂಕವೂ ಇದೇ ವಿವೇಚನೆಯಿಂದ ಹುಟ್ಟಿದ್ದು: 24ರಿಂದ 43 ಡಿಗ್ರಿಯವರೆಗಿನ ಹೊರಗಿನ ಉಷ್ಣತೆಗಳಿಗೆ ಒಟ್ಟು 1,600 ಗಂಟೆಗಳನ್ನು ಹಂಚಿ ಅದನ್ನು ಲೆಕ್ಕಹಾಕುತ್ತಾರೆ.

ಸರಾಸರಿಯಾದರೂ ಒಂದೇ ಅಂಕವಷ್ಟೆ. ಮಂಗಳೂರಿನ ಗಾಳಿ ತೇವದಿಂದ ತುಂಬಿದ್ದು, ರಾಯಚೂರಿನ ಬೇಸಗೆಯ ಗಾಳಿ ಒಣಗಿದ್ದು. ಕೂಲಿಂಗ್ ಟವರು ನೀರನ್ನು ತಣಿಸುವುದು ಮುಖ್ಯವಾಗಿ ಆವಿಯಾಗಿಸುವ ಮೂಲಕವಾದ್ದರಿಂದ, ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕವು ತೋರಿಸುವ ಅಂಕಕ್ಕಿಂತ ಕೆಳಕ್ಕೆ ಅದು ನೀರನ್ನು ಒಯ್ಯಲಾರದು. ಆದಕಾರಣ ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ಚಿಲ್ಲರುಗಳು ಈ ಎರಡು ಊರುಗಳಲ್ಲಿ ಬೇರೆ ಬೇರೆ ಉಷ್ಣತೆಯ ನೀರನ್ನು ಪಡೆದು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. ಫ್ಯಾನುಗಳ ವಿಷಯವೂ ಹೀಗೆಯೇ. ಅವುಗಳ ಅಂಕಿಗಳನ್ನು ಸಾಮಾನ್ಯವಾಗಿ ಘನಮೀಟರಿಗೆ 1.2 ಕಿಲೋಗ್ರಾಂ ತೂಗುವ ಗಾಳಿಗೆ ಕೊಟ್ಟಿರುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಗಾಳಿ ಅದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಹಗುರ.

ಎರವಲು ತಂದ ವಕ್ರರೇಖೆ

ಹಾಗಾದರೆ ಲೆಕ್ಕಮಾಡುವವರು ಇದುವರೆಗೆ ಏನು ಮಾಡುತ್ತಿದ್ದರು? ಡಿಒಇ-2 ಕಾಲದಿಂದ ನಡೆದುಬಂದ ಉಪಾಯವೊಂದುಂಟು. ಚಿಲ್ಲರಿನ ನಡತೆಯನ್ನು ಮೂರು ವಕ್ರರೇಖೆಗಳಲ್ಲಿ ಹಿಡಿದಿಡುವುದೇ ಆ ಉಪಾಯ. ಮೊದಲನೆಯದು ನೀರಿನ ಉಷ್ಣತೆಗಳು ಬದಲಾದಂತೆ ಸಾಮರ್ಥ್ಯ ಹೇಗೆ ಬದಲಾಗುತ್ತದೆಂಬುದನ್ನು ಹೇಳುತ್ತದೆ. ಎರಡನೆಯದು ಅದೇ ಉಷ್ಣತೆಗಳಿಗೆ ದಕ್ಷತೆಯನ್ನು ಹೇಳುತ್ತದೆ. ಮೂರನೆಯದು ಹೊರೆ ಕಡಿಮೆಯಾದಾಗ ವಿದ್ಯುತ್ತಿನ ಬಳಕೆ ಎಷ್ಟು ಇಳಿಯುತ್ತದೆಂಬುದನ್ನು ಹೇಳುತ್ತದೆ. ಮೊದಲೆರಡು ಸಮೀಕರಣಗಳಲ್ಲಿ ಆರಾರು ಗುಣಾಂಕಗಳು. ಯಂತ್ರವನ್ನು ಅನೇಕ ಸ್ಥಿತಿಗಳಲ್ಲಿ ಪರೀಕ್ಷಿಸಿ ಬಂದ ಅಂಕಿಗಳಿಂದ ಈ ಗುಣಾಂಕಗಳನ್ನು ಕಂಡುಹಿಡಿಯಬೇಕು.

ಉಪಾಯವೇನೋ ಜಾಣತನದ್ದು. ತೊಡಕು ಬರುವುದು ಅಂಕಿಗಳನ್ನು ಪಡೆಯುವಲ್ಲಿ. ಯಂತ್ರದ ಪೂರ್ಣ ನಡತೆಯನ್ನು ಬಲ್ಲವನು ಅದರ ತಯಾರಕ. ಅವನ ಬಳಿ ಅದು ತನ್ನದೇ ಆದ ಆಯ್ಕೆಯ ತಂತ್ರಾಂಶದಲ್ಲಿ ಅಡಗಿರುತ್ತದೆ. ಹೊರಗಿನವರಿಗೆ ದೊರೆಯುವುದು ಕೆಲವು ಸ್ಥಿತಿಗಳ ಅಂಕಿಗಳು ಮಾತ್ರ, ಅವೂ ಒಬ್ಬೊಬ್ಬ ತಯಾರಕನಿಂದ ಒಂದೊಂದು ರೂಪದಲ್ಲಿ. ಒಬ್ಬನು ಅಚ್ಚಾದ ಕೋಷ್ಟಕವನ್ನು ಕೊಡುತ್ತಾನೆ, ಇನ್ನೊಬ್ಬನು ನಕ್ಷೆಯನ್ನು ಕೊಡುತ್ತಾನೆ, ಮತ್ತೊಬ್ಬನು ನಾಲ್ಕು ಸಾಲಿನ ಪತ್ರವನ್ನು ಕಳುಹಿಸುತ್ತಾನೆ. ವೇಳೆ ಸಾಲದ ಎಂಜಿನಿಯರನು ಇವನ್ನೆಲ್ಲ ಕೂಡಿಸುವ ಗೋಜಿಗೆ ಹೋಗದೆ, ಲೆಕ್ಕವಿಧಾನದೊಂದಿಗೆ ಬಂದ ಸಿದ್ಧ ವಕ್ರರೇಖೆಯನ್ನೇ ಬಳಸಿಬಿಡುತ್ತಾನೆ. ಎಂದರೆ, ಕೊಳ್ಳಲಿರುವ ಯಂತ್ರಕ್ಕೆ ಬೇರೊಂದು ಯಂತ್ರದ ಸ್ವಭಾವವನ್ನು ಆರೋಪಿಸಿದಂತಾಯಿತು.

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. 200 ಟನ್ ಸಾಮರ್ಥ್ಯದ ಚಿಲ್ಲರೊಂದು ಪೂರ್ಣ ಹೊರೆಯಲ್ಲಿ ಟನ್ನಿಗೆ 0.6 ಕಿಲೋವಾಟಿನಂತೆ 120 ಕಿಲೋವಾಟ್ ಬಳಸುತ್ತದೆಂದು ಇಟ್ಟುಕೊಳ್ಳೋಣ. ಅರ್ಧ ಹೊರೆಯಲ್ಲಿಯೂ ದಕ್ಷತೆ ಅಷ್ಟೇ ಎಂದು ಎಣಿಸಿದರೆ ಬಳಕೆ 60 ಕಿಲೋವಾಟ್. ಯಂತ್ರದ ನಿಜವಾದ ಸ್ವಭಾವದಂತೆ ಅದು ಟನ್ನಿಗೆ 0.45ಕ್ಕೆ ಇಳಿಯುವುದಾದರೆ ಬಳಕೆ 45 ಕಿಲೋವಾಟ್. ವರ್ಷಕ್ಕೆ 3,000 ಗಂಟೆ ಹೀಗೆ ಓಡಿದರೆ ಲೆಕ್ಕದಲ್ಲಿ 45,000 ಯೂನಿಟ್ಟುಗಳ ತಪ್ಪು ಬೀಳುತ್ತದೆ. ಅಂಕಿಯ ದೋಷ ಅಲ್ಲಿಗೆ ನಿಲ್ಲುವುದಿಲ್ಲ. ಈ ಲೆಕ್ಕವನ್ನು ನಂಬಿ ಒಡೆಯನು ಕಡಿಮೆ ಬೆಲೆಯ ಬೇರೊಂದು ಯಂತ್ರವನ್ನು ಆರಿಸಿದನೆನ್ನಿ. ಇಪ್ಪತ್ತು ವರ್ಷ ಬಾಳಬಹುದಾದ ಆ ಯಂತ್ರದೊಂದಿಗೆ ತಪ್ಪೂ ಅಷ್ಟೇ ಕಾಲ ಬಾಳುತ್ತದೆ.

ವಕ್ರರೇಖೆಗೆ ಇನ್ನೊಂದು ಅಪಾಯವಿದೆ. 20ರಿಂದ 32 ಡಿಗ್ರಿಯವರೆಗಿನ ಅಂಕಿಗಳಿಂದ ರಚಿಸಿದ ವರ್ಗಸಮೀಕರಣಕ್ಕೆ 40 ಡಿಗ್ರಿಯನ್ನು ಕೊಟ್ಟು ಕೇಳಿದರೂ ಅದು ಉತ್ತರವನ್ನು ಕೊಟ್ಟೇ ಕೊಡುತ್ತದೆ. ತನ್ನ ಎಲ್ಲೆಯನ್ನು ದಾಟಿದೆನೆಂಬ ಅರಿವು ಸಮೀಕರಣಕ್ಕೆ ಇಲ್ಲ. ಬಿಸಿ ಹೆಚ್ಚಿದಂತೆ ದಕ್ಷತೆ ಕುಗ್ಗಬೇಕಾದಲ್ಲಿ ರೇಖೆ ಬಾಗಿ ಮೇಲಕ್ಕೇರುವುದೂ ಉಂಟು.

ಸೇರು ಒಂದೇ, ಅಳತೆ ಬೇರೆ

1956ರ ತೂಕ ಮತ್ತು ಅಳತೆಗಳ ಶಾಸನ ಜಾರಿಗೆ ಬರುವ ಮುನ್ನ ನಮ್ಮ ಸಂತೆಗಳಲ್ಲಿ ಸೇರು ಎಂಬ ಹೆಸರು ಒಂದೇ ಆದರೂ ಊರಿಂದೂರಿಗೆ ಅಳತೆ ಬೇರೆಯಾಗಿತ್ತು. ತಂಪುಯಂತ್ರಗಳ ಲೋಕದಲ್ಲಿಯೂ ಇಂತಹ ಗೊಂದಲಗಳುಂಟು. ‘ಟನ್’ ಎಂಬುದೇ ಮಂಜುಗಡ್ಡೆಯ ವ್ಯಾಪಾರದ ಕಾಲದ ಮಾತು. 2,000 ಪೌಂಡು ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ದರ ಒಂದು ಟನ್; ಈಗಿನ ಲೆಕ್ಕದಲ್ಲಿ 3.517 ಕಿಲೋವಾಟ್. ದಕ್ಷತೆಯನ್ನು ಒಬ್ಬರು ‘ಟನ್ನಿಗೆ ಇಷ್ಟು ಕಿಲೋವಾಟ್’ ಎನ್ನುತ್ತಾರೆ, ಮತ್ತೊಬ್ಬರು ಖರ್ಚಾದ ವಿದ್ಯುತ್ತಿನ ಎಷ್ಟು ಪಟ್ಟು ಶಾಖ ಸಾಗಿತೆಂದು ಹೇಳುತ್ತಾರೆ, ಮೂರನೆಯವರು ಬ್ರಿಟಿಷ್ ಶಾಖಮಾನದಲ್ಲಿ ಹೇಳುತ್ತಾರೆ. ಒಂದೇ ಯಂತ್ರದ ಒಂದೇ ಗುಣವು ಕ್ರಮವಾಗಿ 0.586, 6, 20.5 ಎಂಬ ಮೂರು ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದರಲ್ಲಿ ಅಂಕ ಚಿಕ್ಕದಾದಷ್ಟೂ ಯಂತ್ರ ಒಳ್ಳೆಯದು, ಉಳಿದೆರಡರಲ್ಲಿ ದೊಡ್ಡದಾದಷ್ಟೂ ಒಳ್ಳೆಯದು.

ಮಾನಗಳ ವ್ಯತ್ಯಾಸವನ್ನು ಗುಣಾಕಾರದಿಂದ ಸರಿಪಡಿಸಬಹುದು. ಅರ್ಥದ ವ್ಯತ್ಯಾಸ ಇದಕ್ಕಿಂತ ಕಷ್ಟದ್ದು. ಗಾಳಿಯನ್ನು ತಂಪುಮಾಡುವ ಯಂತ್ರವೊಂದು 35 ಕಿಲೋವಾಟಿನಷ್ಟು ಶಾಖವನ್ನು ತೆಗೆಯುತ್ತದೆ, ಅದರೊಳಗಿನ ಫ್ಯಾನು ತನ್ನ 1.5 ಕಿಲೋವಾಟಿನ ಶಾಖವನ್ನು ಅದೇ ಗಾಳಿಗೆ ಸೇರಿಸುತ್ತದೆ ಎನ್ನಿ. ಕೋಣೆಗೆ ದೊರೆಯುವ ತಂಪು 33.5 ಕಿಲೋವಾಟ್. ಕ್ಯಾಟಲಾಗಿನಲ್ಲಿ ಬರೆದುದು ಇವೆರಡರಲ್ಲಿ ಯಾವುದು? ಫ್ಯಾನಿನ ಶಾಖವನ್ನು ಕಳೆದ ಅಂಕವನ್ನೇ ಕೊಟ್ಟಿದ್ದು, ಲೆಕ್ಕವಿಧಾನವು ಅದನ್ನು ಕಳೆಯದ ಅಂಕವೆಂದು ತಿಳಿದರೆ, ಅದೇ ಶಾಖವನ್ನು ಎರಡು ಬಾರಿ ಕಳೆದು 32ಕ್ಕೆ ಬಂದು ನಿಲ್ಲುತ್ತದೆ. ಅಂಕಿ ಸರಿಯಾಗಿಯೇ ಇದೆ, ಲೆಕ್ಕವೂ ಸರಿಯಾಗಿಯೇ ಇದೆ. ಇವೆರಡೂ ಕೂಡುವ ತಿರುಪಿನಲ್ಲಿ ಮಾತ್ರ ದೋಷ.

ಸರ್ವರಿಗೂ ಒಂದೇ ನಮೂನೆ

ಈ ತೊಡಕನ್ನು ಬಿಡಿಸುವ ಕೆಲಸವನ್ನು ಕೈಗೊಂಡುದು ಅಮೆರಿಕದ ಆಶ್ರೇ ಎಂಬ ಸಂಸ್ಥೆ. 1894ರಲ್ಲಿ ಕಟ್ಟಡಗಳನ್ನು ಬೆಚ್ಚಗಿಡುವ ಎಂಜಿನಿಯರುಗಳ ಸಂಘವಾಗಿ ಪ್ರಾರಂಭವಾಗಿ, 1959ರಲ್ಲಿ ಶೈತ್ಯತಂತ್ರಜ್ಞರ ಸಂಘದೊಂದಿಗೆ ಕೂಡಿಕೊಂಡು ಈಗಿನ ರೂಪವನ್ನು ಪಡೆದ ಸಂಸ್ಥೆ ಇದು. ತಯಾರಕರ, ಲೆಕ್ಕವಿಧಾನ ರಚಿಸುವವರ, ಬಳಸುವವರ ನಡುವೆ ದೀರ್ಘಕಾಲ ಸಮಾಲೋಚನೆ ನಡೆದು, ಅದರ ಫಲವಾಗಿ 2023ರಲ್ಲಿ 205 ಎಂಬ ಸಂಖ್ಯೆಯ ಮಾನಕ ಹೊರಬಂದಿತು. ಯಂತ್ರಗಳ ನಡತೆಯ ಅಂಕಿಗಳನ್ನು ಯಾವ ರೂಪದಲ್ಲಿ ಬರೆಯಬೇಕೆಂಬುದನ್ನು ಅದು ವಿಧಿಸುತ್ತದೆ. ಚಿಲ್ಲರು, ಫ್ಯಾನು, ಮೋಟಾರು, ಮೋಟಾರಿನ ವೇಗವನ್ನು ಬದಲಿಸುವ ಉಪಕರಣ ಹೀಗೆ ಒಂದೊಂದು ಬಗೆಯ ಯಂತ್ರಕ್ಕೂ ಅದರಲ್ಲಿ ಪ್ರತ್ಯೇಕ ನಮೂನೆಯಿದೆ.

ನಮೂನೆಯ ತಿರುಳು ಒಂದು ಕೋಷ್ಟಕ. ಲಾಗರಿತಮ್ ಕೋಷ್ಟಕವನ್ನು ಬಳಸಿದವರಿಗೆ ಇದರ ರೀತಿ ಹೊಸದಲ್ಲ. ಚಿಲ್ಲರಿನ ಕೋಷ್ಟಕದಲ್ಲಿ ಮೊದಲು ಸ್ಥಿತಿಯನ್ನು ಹೇಳಬೇಕು: ಎರಡು ನೀರಿನ ಪ್ರವಾಹಗಳ ಪ್ರಮಾಣ, ತಣಿದ ನೀರು ಹೊರಬರುವ ಉಷ್ಣತೆ, ಟವರಿನ ನೀರು ಒಳಬರುವ ಉಷ್ಣತೆ, ಕಂಪ್ರೆಸರಿನ ಹಂತ. ಇವುಗಳ ಒಂದೊಂದು ಜೋಡಣೆಗೂ ಯಂತ್ರ ಬಳಸುವ ವಿದ್ಯುತ್ತೆಷ್ಟು, ತಣಿಸುವ ಶಕ್ತಿಯೆಷ್ಟು, ಹೊರಹಾಕುವ ಶಾಖವೆಷ್ಟು ಎಂಬುದನ್ನು ತುಂಬಬೇಕು. ಹೊರಬರುವ ನೀರಿಗೆ ನಾಲ್ಕು ಉಷ್ಣತೆ, ಒಳಬರುವ ನೀರಿಗೆ ಐದು, ಕಂಪ್ರೆಸರಿಗೆ ನಾಲ್ಕು ಹಂತಗಳನ್ನು ಆರಿಸಿಕೊಂಡು, ಪ್ರವಾಹಗಳನ್ನು ಸ್ಥಿರವಾಗಿಟ್ಟರೂ 80 ಸಾಲುಗಳಾಗುತ್ತವೆ. ಒಂದು ಸಾಲೂ ಬಿಟ್ಟುಹೋಗುವಂತಿಲ್ಲ. ಸಾಲುಗಳ ನಡುವಣ ಸ್ಥಿತಿಗಳನ್ನು ಗಣಕಯಂತ್ರವು ಅಕ್ಕಪಕ್ಕದ ಅಂಕಿಗಳಿಂದ ಕಂಡುಕೊಳ್ಳುತ್ತದೆ. ಕೋಷ್ಟಕದ ಎಲ್ಲೆ ಸ್ಪಷ್ಟವಾಗಿರುವುದರಿಂದ ಅದನ್ನು ಮೀರಿದ ಸ್ಥಿತಿ ಬಂದರೆ ಲೆಕ್ಕಮಾಡುವವನಿಗೆ ಅದು ತಿಳಿಯುತ್ತದೆ.

ಮಾನಗಳಲ್ಲಿ ಆಯ್ಕೆಗೆ ಎಡೆಯಿಲ್ಲ. ಶಕ್ತಿಗೆ ವಾಟ್, ಉಷ್ಣತೆಗೆ ಕೆಲ್ವಿನ್, ಪ್ರವಾಹಕ್ಕೆ ಸೆಕೆಂಡಿಗೆ ಘನಮೀಟರ್. ಟನ್ನೂ ಇಲ್ಲ, ಫ್ಯಾರನ್‌ಹೀಟೂ ಇಲ್ಲ. 6.7 ಡಿಗ್ರಿ ಸೆಲ್ಸಿಯಸ್ಸನ್ನು 279.85 ಎಂದು ಬರೆಯಬೇಕು. ಓದುವುದಕ್ಕೆ ಇದು ರೂಢಿಯಿಲ್ಲದ ಅಂಕಿ. ಆದರೆ ಇದನ್ನು ಓದತಕ್ಕದ್ದು ಗಣಕಯಂತ್ರ. ಬರಹವು ಜೇಸನ್ ಎಂಬ ಸರಳ ಪಠ್ಯರೂಪದ ಕ್ರಮವನ್ನು ಅನುಸರಿಸಿರುತ್ತದೆ. ಕೋಷ್ಟಕದೊಂದಿಗೆ ಅದು ಯಾವ ಯಂತ್ರದ್ದು, ಯಾವಾಗ ಸಿದ್ಧವಾಯಿತು, ಎಷ್ಟನೆಯ ಆವೃತ್ತಿ ಎಂಬ ವಿವರಗಳೂ ಸೇರಿರುತ್ತವೆ. ಊರ ದಿಕ್ಕಿಲ್ಲದ, ತಾರೀಖಿಲ್ಲದ ಅಂಕಿಗಳು ಕೈಯಿಂದ ಕೈಗೆ ದಾಟುತ್ತಿದ್ದ ಪದ್ಧತಿಗೆ ಇದು ಒಳ್ಳೆಯ ಮದ್ದು.

ತಯಾರಕರಿಗೆ ಸಹಜವಾದ ಒಂದು ಅಂಜಿಕೆಯಿತ್ತು: ಎಲ್ಲ ಅಂಕಿಗಳನ್ನೂ ಹೊರಗಿಟ್ಟರೆ ತಮ್ಮ ಕುಶಲತೆಯ ಗುಟ್ಟು ಬಯಲಾದೀತೆ? ನಮೂನೆ ಕೇಳುವುದು ಯಂತ್ರದ ಹೊರಗಿನ ನಡತೆಯನ್ನು ಮಾತ್ರ. ಒಳಗೆ ಹೋದ ನೀರು, ಹೊರಗೆ ಬಂದ ನೀರು, ಖರ್ಚಾದ ವಿದ್ಯುತ್ತು ಇಷ್ಟನ್ನು ಹೇಳಿದರೆ ಸಾಕು. ಕಂಪ್ರೆಸರಿನ ರೆಕ್ಕೆಗಳ ಆಕಾರವನ್ನಾಗಲಿ ಕೊಳವೆಗಳ ಒಳಮೈಯನ್ನಾಗಲಿ ಬಿಚ್ಚಿಡಬೇಕಾಗಿಲ್ಲ. ಅಡಿಗೆಯ ರುಚಿಯನ್ನು ತಿಳಿಸಬೇಕು, ಮಸಾಲೆಯ ಪಾಕವನ್ನಲ್ಲ. ಎನರ್ಜಿಪ್ಲಸ್ ಈಗಾಗಲೇ ಈ ನಮೂನೆಯ ಚಿಲ್ಲರ್ ಕಡತವನ್ನು ನೇರವಾಗಿ ಓದಿಕೊಳ್ಳಲು ಸಜ್ಜಾಗಿದೆ. ಕಡತವನ್ನು ತೆರೆದರೆ ಸಾಕು, ನಡುವೆ ಯಾರೂ ಅಂಕಿಗಳನ್ನು ನಕಲು ಮಾಡಬೇಕಾಗಿಲ್ಲ, ವಕ್ರರೇಖೆಯನ್ನು ಎಳೆಯಬೇಕಾಗಿಲ್ಲ.

ನಮೂನೆಯೇ ಸತ್ಯವಲ್ಲ

ಇಷ್ಟಾದರೂ ಒಂದು ಎಚ್ಚರಿಕೆ ಅವಶ್ಯ. ಅಂಕಿಗಳನ್ನು ಅಂದವಾಗಿ ಬರೆದ ಮಾತ್ರಕ್ಕೆ ಅವು ಸತ್ಯವಾಗುವುದಿಲ್ಲ. ಅಳತೆಯ ಪ್ರಾಮಾಣಿಕತೆ ಪ್ರಯೋಗಶಾಲೆಯಲ್ಲಿ ಹುಟ್ಟಬೇಕು. ನಮೂನೆ ಅದನ್ನು ಕೆಡದಂತೆ ಸಾಗಿಸಬಲ್ಲುದೇ ಹೊರತು ಹುಟ್ಟಿಸಲಾರದು. ಹೊಚ್ಚ ಹೊಸ ಯಂತ್ರದ ಅಂಕಿಗಳು ಹತ್ತು ವರ್ಷ ದುಡಿದು ಕೊಳವೆಗಳಲ್ಲಿ ಸುಣ್ಣದ ಗಸಿ ಕಟ್ಟಿದ ಯಂತ್ರಕ್ಕೆ ಹಾಗೆಯೇ ಅನ್ವಯಿಸಲಾರವು ಎಂಬುದನ್ನೂ ನೆನಪಿನಲ್ಲಿಡಬೇಕು.

ಆದರೆ ಸಮಾನ ನಮೂನೆಯಿಂದ ಅಸತ್ಯಕ್ಕೆ ಅಡಗಿಕೊಳ್ಳುವ ಜಾಗ ಕಡಿಮೆಯಾಗುತ್ತದೆ. ಶಕ್ತಿಯನ್ನು ಹುಟ್ಟಿಸಲೂ ಆಗದು, ನಾಶಮಾಡಲೂ ಆಗದು ಎಂಬ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತೇವೆ. ನೀರಿನಿಂದ 700 ಕಿಲೋವಾಟ್ ಶಾಖವನ್ನು ತೆಗೆಯಲು ಚಿಲ್ಲರು 120 ಕಿಲೋವಾಟ್ ವಿದ್ಯುತ್ತನ್ನು ಬಳಸಿದರೆ, ಅಕ್ಕಪಕ್ಕ ಸೋರುವ ಅಲ್ಪಸ್ವಲ್ಪವನ್ನು ಬಿಟ್ಟು ಸುಮಾರು 820 ಕಿಲೋವಾಟ್ ಟವರಿನ ಕಡೆಗೆ ಹೋಗಲೇಬೇಕು. ನಮೂನೆಯಲ್ಲಿ ಈ ಮೂರು ಅಂಕಗಳೂ ಪಕ್ಕಪಕ್ಕದಲ್ಲಿಯೇ ಇರುವುದರಿಂದ, ಎಂಬತ್ತು ಸಾಲುಗಳಲ್ಲಿ ಒಂದು ಸಾಲು ತಪ್ಪಿದ್ದರೂ ಗಣಕಯಂತ್ರ ಅದನ್ನು ಕ್ಷಣಮಾತ್ರದಲ್ಲಿ ಹಿಡಿದು ತೋರಿಸಬಲ್ಲುದು. ಚದರಿದ ಪತ್ರಗಳಲ್ಲಿಯೂ ನಕ್ಷೆಗಳಲ್ಲಿಯೂ ಇಂತಹ ತನಿಖೆಯನ್ನು ನಡೆಸುವುದು ದುಸ್ಸಾಧ್ಯವಾಗಿತ್ತು.

ಮಾನಕವು ಬಳಕೆಗೆ ಬರುವುದು ಮುಖ್ಯವಾಗಿ ಕೊಳ್ಳುವವರಿಂದ. ಯಂತ್ರದ ಬೆಲೆಪಟ್ಟಿಯೊಂದಿಗೆ ಅದರ ಪೂರ್ಣ ಗುಣಪತ್ರವನ್ನೂ ಇದೇ ನಮೂನೆಯಲ್ಲಿ ಕೊಡತಕ್ಕದ್ದೆಂದು ಕಟ್ಟಡದ ಒಡೆಯರೂ ಎಂಜಿನಿಯರುಗಳೂ ಕೇಳಲು ತೊಡಗಿದರೆ ತಯಾರಕರು ಕೊಡದೆ ಇರಲಾರರು. ಮಂಗಳೂರಿನ ಆಸ್ಪತ್ರೆಗೂ ರಾಯಚೂರಿನ ಕಚೇರಿಗೂ ಯಾವ ಯಂತ್ರ ತಕ್ಕದ್ದೆಂಬುದನ್ನು ಅದನ್ನು ಕೊಳ್ಳುವ ಮೊದಲೇ, ಆಯಾ ಊರಿನ ಹವೆಯಲ್ಲಿಯೇ ಓಡಿಸಿ ನೋಡಿದಂತೆ, ಆಗ ತಿಳಿಯಬಹುದು. ಬಾಲ್ಟಿಮೋರಿನ ಜನ ಕೊಳವೆಯ ತಿರುಪಿಗೆ ಒಂದೇ ಅಳತೆ ಬೇಕೆಂದು ಮನಗಂಡುದು ಊರು ಸುಟ್ಟ ಮೇಲೆ. ಈ ವಿಷಯದಲ್ಲಿ ಅಷ್ಟು ದೊಡ್ಡ ಬೆಲೆಯನ್ನು ತೆರುವ ಮೊದಲೇ ಅಳತೆ ಸಿದ್ಧವಾಗಿದೆ. ಅದನ್ನು ಕೇಳಿ ಪಡೆಯುವುದು ಮಾತ್ರ ಉಳಿದಿರುವ ಕೆಲಸ.